ಯಾರಿಗೂ ಬೇಡ ಅನ್ನದ ರೇಡಿಯೇಟರ್

ಬಾನೆಟ್ ಎತ್ತಿ ನಿಲ್ಲಿಸಿದ ಗಾಡಿಯ ಸುತ್ತ ಸೇರುವ ಗಂಡಸರ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ ಅಂಥ ಸಭೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಗ್ಗಿ ನೋಡುತ್ತಾನೆ. ಇನ್ನೊಬ್ಬ ಯಾವುದೋ ಕೊಳವೆ ಮುಟ್ಟಿ ಕೈ ಸುಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಮೂರನೆಯವನು ಏನನ್ನೂ ನೋಡದೆ, "ಸ್ಪಾರ್ಕ್ ಪ್ಲಗ್ ಹೋಗಿರ್ಬೇಕು ಗುರು" ಅನ್ನುತ್ತಾನೆ. ಮುಂದೆ ನಿಂತಿರುವುದು ಡೀಸೆಲ್ ಗಾಡಿ, ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಉಳಿದವರು ಹೌದು ಹೌದು ಅನ್ನುತ್ತಾರೆ.

ನನ್ನ ಅಪ್ಪನಿಗೆ ಇಂಥವರ ಮಾತನ್ನು ತೆಗೆದುಹಾಕಲು ಆಗುತ್ತಿರಲಿಲ್ಲ. ಅದನ್ನು ಅವರು ದಾಕ್ಷಿಣ್ಯ ಅನ್ನುತ್ತಿದ್ದರು. ಮದುವೆ ಮನೆಯಲ್ಲಿ ಬಡಿಸುವವನು ಲಾಡು ಹಿಡಿದು ಎದುರು ನಿಂತರೆ ಬೇಡ ಅನ್ನಲಾರದೆ ತಿಂದು, ಮನೆಗೆ ಬಂದು ಜೀರಿಗೆ ಕಷಾಯ ಕುಡಿಯುತ್ತಿದ್ದರು. ಬಾಗಿಲಿಗೆ ಬಂದ ಮಾರಾಟದ ಹುಡುಗರಿಂದ ಕೊಂಡ ನೆಲ ಒರೆಸುವ ಕೋಲುಗಳು ಮಹಡಿ ಮೆಟ್ಟಿಲ ಕೆಳಗೆ ಒಂದು ಕಟ್ಟಿನಷ್ಟಿದ್ದವು. ಅಪ್ಪನ ತಾಯಿ, ನನ್ನ ಅಜ್ಜಿ, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಕಣೋ" ಎಂದು ಮಗನಿಗೆ ಎಲ್ಲರೆದುರೂ ಹೇಳುತ್ತಿದ್ದರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು. ತಾಯಿಗೂ ಎದುರು ಹೇಳಲಾರದ ದಾಕ್ಷಿಣ್ಯ.

ತೊಂಬತ್ತರ ದಶಕದ ಕೊನೆಯಲ್ಲಿ ಅವರ ಕಾರ್ಖಾನೆಯವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎಂದು ಎಲ್ಲರನ್ನೂ ಕೇಳತೊಡಗಿದರು. ಬೇಡ ಅಂದವರು ಬೇಕಾದಷ್ಟು ಮಂದಿ ಇದ್ದರು, ಅವರಿಗೇನೂ ಆಗಲಿಲ್ಲ, ಇನ್ನೂ ಎಷ್ಟೋ ವರ್ಷ ಕೆಲಸ ಮಾಡಿದರು. ಅಪ್ಪನ ಮೇಲಿನ ಅಧಿಕಾರಿ ಕರೆದು ಟೀ ಕೊಡಿಸಿ, "ನೀವೇ ಮೊದಲು ಹಾಕಿದ್ರೆ ಉಳಿದೋರಿಗೂ ಧೈರ್ಯ ಬರತ್ತೆ" ಎಂದರಂತೆ. ಟೀ ಕುಡಿದ ಮೇಲೆ ಹೇಗೆ ಇಲ್ಲ ಅನ್ನುವುದು. ರುಜು ಹಾಕಿ ಮನೆಗೆ ಬಂದರು.

ಆಮೇಲೆ ಅವರು ಮನೆಯಲ್ಲಿ ಕೂತ ಕಾಲವಿದೆಯಲ್ಲ, ಅದನ್ನು ನೆನೆಸಿಕೊಳ್ಳಲು ನನಗೆ ಈಗಲೂ ಇಷ್ಟವಿಲ್ಲ. ಪೇಪರು ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ಅಮ್ಮ ಅವರನ್ನು ಕೊತ್ತಂಬರಿ ಸೊಪ್ಪಿಗೆ ಕಳಿಸುತ್ತಿದ್ದರು, ತಂದ ಮೇಲೆ ಹಸಿಮೆಣಸಿನಕಾಯಿ ಮರೆತೆ ಎಂದು ಮತ್ತೆ ಕಳಿಸುತ್ತಿದ್ದರು. ಅಮ್ಮ ಮರೆತಿರುತ್ತಿರಲಿಲ್ಲ. ಗಂಡ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಹಾಗೆ ಮಾಡುತ್ತಿದ್ದರು. ಅಪ್ಪ ದಿನಾ ಗಡ್ಡ ಹೆರೆಯುವುದನ್ನು ಬಿಟ್ಟರು. ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದ ನಾನು ಸಂಜೆ ಬಂದರೆ, ಗೇಟಿನ ಹತ್ತಿರ ನಿಂತಿರುತ್ತಿದ್ದರು. ಯಾರನ್ನು ಕಾಯುತ್ತಿದ್ದೀರಿ ಎಂದರೆ ಯಾರನ್ನೂ ಇಲ್ಲ ಅನ್ನುತ್ತಿದ್ದರು.

ಎರಡು ವರ್ಷ ಹೀಗೆ ಕಳೆದ ಮೇಲೆ ಉತ್ತರಹಳ್ಳಿ ಕಡೆಯ ಒಬ್ಬರಿಂದ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡರು. ಬೂದಿ ಬಣ್ಣದ್ದು, ಹಿಂದೆ ತೆರೆದ ತೊಟ್ಟಿ, ಗೇರು ಹಾಕಿದರೆ ನರಳುತ್ತಿತ್ತು. ಪುಟ್ಟೇನಹಳ್ಳಿಯಲ್ಲಿ ಮದುವೆ ಅಡಿಗೆಯ ಕಂಟ್ರಾಕ್ಟರೊಬ್ಬರಿದ್ದರು. ಅಡಿಗೆಯೆಲ್ಲ ಅವರ ಶೆಡ್ಡಿನಲ್ಲೇ ಆಗಿ, ಬೆಳಗಿನ ಹೊತ್ತಿಗೆ ಛತ್ರಗಳಿಗೆ ಹೋಗಬೇಕು. ಆ ಪಾತ್ರೆಗಳನ್ನೂ ಅಡಿಗೆಯನ್ನೂ ಸಾಗಿಸುವ ಕೆಲಸ ಅಪ್ಪನಿಗೆ ಸಿಕ್ಕಿತು. ನೋಡನೋಡುತ್ತಾ ಅಪ್ಪ ಮತ್ತೆ ಮನುಷ್ಯರಾದರು. ಮುಹೂರ್ತದ ದಿನ ಕತ್ತಲಿರುವಾಗಲೇ ಎದ್ದು ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಸಂಜೆ ಊಟಕ್ಕೆ ಕೂತರೆ ಯಾವ ಛತ್ರದಲ್ಲಿ ಯಾವ ಬೀಗರು ಒಬ್ಬಟ್ಟಿಗೆ ತುಪ್ಪ ಸಾಲದೆಂದು ಮುನಿಸಿಕೊಂಡರು ಎಂಬ ವರದಿ. ಆ ಕಂಟ್ರಾಕ್ಟರು, ನಮಗೆಲ್ಲ ಅಡಿಗೆಯವರು, ಎಲ್ಲರಿಗೂ "ನಮ್ ಸಾರ್ ಗಾಡಿ ಬರತ್ತೆ" ಎಂದೇ ಹೇಳುತ್ತಿದ್ದರು. ಆ 'ನಮ್ ಸಾರ್' ಅನ್ನುವ ಮಾತನ್ನು ಅಪ್ಪ ಮನೆಯಲ್ಲಿ ಎಷ್ಟು ಸಲ ಹೇಳಿದ್ದರೋ. ಈ ಗಾಡಿ ನಿಂತರೆ ಅವರು ಮತ್ತೆ ಗೇಟಿನ ಹತ್ತಿರ ನಿಲ್ಲುತ್ತಾರೆ ಎಂಬುದು ನನಗೂ ಅಮ್ಮನಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಹೊಸ ಶತಮಾನದ ಮೊದಲ ವರ್ಷಗಳ ಒಂದು ಬೇಸಿಗೆಯಲ್ಲಿ ಗಾಡಿ ಬಿಸಿಯಾಗತೊಡಗಿತು. ಅರೆಕೆರೆಯ ಕಡೆ ಹೋಗುವಾಗ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತರೆ ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲಕ್ಕೆ ಹತ್ತುತ್ತಿತ್ತು. ಬೆಳಿಗ್ಗೆ ನೋಡಿದರೆ ಗಾಡಿಯ ಕೆಳಗೆ ಅಂಗೈಯಗಲ ಹಸಿರು ನೀರು. ಅಡಿಗೆಯವರಿಗೂ ವಿಷಯ ಮುಟ್ಟಿತು. "ಸಾರ್, ವೈಶಾಖ ಪೂರ್ತಿ ಮುಹೂರ್ತ ಇದೆ. ಗಾಡಿ ಒಂದ್ಸಲ ತೋರಿಸ್ಬಿಡಿ. ಊಟದ ಹೊತ್ಗೆ ಸಾರು ರಸ್ತೇಲಿ ನಿಂತ್ರೆ ನನ್ ಮಾನ ಹೋಗತ್ತೆ" ಎಂದು ಮೆಲ್ಲಗೆ ಹೇಳಿದರಂತೆ. ಅಪ್ಪ ಅಂದು ಊಟಕ್ಕೆ ಕೂತು ಯಾವ ಬೀಗರ ಸುದ್ದಿಯನ್ನೂ ಹೇಳಲಿಲ್ಲ.

ಇದು ನನಗೆ ಗೊತ್ತಿದ್ದ ವಿಷಯ. ಗಡಸು ನೀರಿನ ಪಾಠವನ್ನು ವರ್ಷವರ್ಷ ಮಾಡಿ ಮಾಡಿ ನನ್ನ ಗಂಟಲು ಒಣಗಿತ್ತು. ಇಂಜಿನ್ನಿನ ಸುತ್ತ ಓಡಾಡುವ ನೀರು ಬರೀ ನೀರಾದರೆ ಬೇಗ ಕುದಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಾದರೆ ಗೀಸರಿನಲ್ಲಿ ಕಟ್ಟುವ ಬಿಳಿ ಕರಣೆ, ಆ ನೀರನ್ನು ಆರಿಸುವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಅದಕ್ಕೇ ಇರುವುದು ಕೂಲೆಂಟ್, ಕುದಿಯನ್ನೂ ತುಕ್ಕನ್ನೂ ತಡೆಯಲು ನೀರಿಗೆ ಬೆರೆಸುವ ದ್ರವ. ಆದರೆ ಕೂಲೆಂಟಿನಲ್ಲೂ ಜಾತಿಗಳಿವೆ. ನಮ್ಮದು ಹಳೆಯ ಕಾಲದ ಗಾಡಿ, ತಾಮ್ರ ಹಿತ್ತಾಳೆಯ, ಬೆಸುಗೆ ಹಾಕಿದ ರೇಡಿಯೇಟರು. ಅದಕ್ಕೆ ಹೊಂದುವುದು ಹಳೆಯ ಬಗೆಯ ಕೂಲೆಂಟು, ಸಾಮಾನ್ಯವಾಗಿ ಹಸಿರು ಬಣ್ಣದ್ದು. ಆಗಷ್ಟೇ ಬಂದಿದ್ದ ಕೆಂಪು ಬಗೆಯದು ಹೊಸ ಕಾರುಗಳ ಅಲ್ಯೂಮಿನಿಯಂ ಇಂಜಿನ್ನಿಗೆ. ಎರಡನ್ನೂ ಬೆರೆಸಿದರೆ ಹೆಪ್ಪುಗಟ್ಟಬಹುದು. ಬಣ್ಣ ನಂಬುವಂಥದ್ದೂ ಅಲ್ಲ, ಅದು ಕಂಪನಿಯವರು ಹಾಕುವ ಬಣ್ಣ ಅಷ್ಟೆ, ಡಬ್ಬದ ಮೇಲೆ ಬರೆದದ್ದನ್ನು ಓದಬೇಕು. ಇಷ್ಟು ತಿಳಿಯಲು ಮೇಧಾವಿತನ ಬೇಕಾಗಿಲ್ಲ, ಓದಲು ಬಂದರೆ ಸಾಕು.

ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಾನೇ ಹೋದೆ. ಕೌಂಟರಿನ ಹಿಂದಿದ್ದವನು ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದ. ಯಾರೂ ಬರಲಿಲ್ಲ.

"ಗಾಡಿ ಓಡಿಸೋ ಸಾರ್‌ನ ಕಳಿಸಿ ಮೇಡಂ."

"ನನಗೆ ಕೊಡಿ. ಹಳೇ ಡೀಸೆಲ್ ಪಿಕಪ್‌ಗೆ ಕೂಲೆಂಟ್ ಬೇಕು."

"ಕೆಂಪು ಕೊಡ್ಲಾ, ಹಸಿರು ಕೊಡ್ಲಾ?"

"ವ್ಯತ್ಯಾಸ ಏನು?"

"ಎರಡೂ ಒಂದೇ ಮೇಡಂ, ಕಲರ್ ಬೇರೆ ಅಷ್ಟೆ."

ಸೀರೆ ಅಂಗಡಿಯಲ್ಲಿ ಬಾರ್ಡರ್ ತೋರಿಸುವಂತೆ ಎರಡೂ ಡಬ್ಬ ತಂದು ಮುಂದಿಟ್ಟ. ನಾನು ಡಬ್ಬ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದುತ್ತಾ ನಿಂತೆ. ಅವನು ಪಕ್ಕದ ಗಿರಾಕಿಯನ್ನು ನೋಡಿ ಕಣ್ಣು ಹೊಡೆದ. ದಿನಾ ಬೆಳಗಾದರೆ ಇದನ್ನೇ ಮಾರುವವನು, ಒಂದು ದಿನವೂ ಅದನ್ನು ಓದಿಲ್ಲ. ಹಸಿರನ್ನೇ ತೆಗೆದುಕೊಂಡೆ. ಬೆರೆಸಲು ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ.

ಮನೆಗೆ ಬಂದು ಅಪ್ಪನಿಗೆ ಬಿಡಿಸಿ ಹೇಳಿದೆ. ಮೊದಲು ಸೋರುವ ಕಡೆ ಬೆಸುಗೆ ಹಾಕಿಸಬೇಕು, ಹಳೆಯದನ್ನೆಲ್ಲ ಬಸಿದು ತೊಳೆಯಬೇಕು, ಆಮೇಲೆ ಇದನ್ನೂ ಡಿಸ್ಟಿಲ್ಡ್ ವಾಟರನ್ನೂ ಅರ್ಧರ್ಧ ಬೆರೆಸಿ ತುಂಬಬೇಕು. ಅಪ್ಪ ಗಮನವಿಟ್ಟು ಕೇಳಿದರು. "ಆಯ್ತಮ್ಮ, ಭಾನುವಾರ ಮಾಡೋಣ" ಎಂದರು. ಡಬ್ಬಗಳನ್ನು ಉಗ್ರಾಣದಲ್ಲಿ ಇಟ್ಟೆ.

ಭಾನುವಾರಕ್ಕೆ ಇನ್ನೂ ದಿನಗಳಿದ್ದವು. ನಮ್ಮ ನೆಂಟರಿಗೆ ಅಷ್ಟು ಸಾಕಾಗಿತ್ತು.

ಮೊದಲು ಬಂದವರು ದೊಡ್ಡಪ್ಪ, ಅಪ್ಪನ ಅಣ್ಣ. ಅವರು ಜಯನಗರದವರು. ಜಯನಗರದವರು ಎಂದರೆ ತಿಳಿಯದವರಿಗೆ ಹೇಳುತ್ತೇನೆ: ಮನೆಗೆ ಕಾವೇರಿ ನೀರು ಬರುವುದನ್ನು ತಮ್ಮ ಪೂರ್ವಜನ್ಮದ ಪುಣ್ಯವೆಂದು ತಿಳಿದವರು. ನಮ್ಮ ಮನೆಗೆ ಬಂದಾಗಲೆಲ್ಲ ನಮ್ಮ ಬೋರ್ ನೀರನ್ನು ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, ಲೋಟವನ್ನು ದೂರ ಸರಿಸುತ್ತಿದ್ದರು. ಆ ದಿನ ಆಟೋದಲ್ಲಿ ಒಂದು ಕ್ಯಾನ್ ಕಾವೇರಿ ನೀರು ಹೊತ್ತು ತಂದಿದ್ದರು. ಕಾಶಿಯಿಂದ ಗಂಗೆ ತಂದವರ ಮುಖ ಇನ್ನು ಹೇಗಿರುತ್ತದೋ ನಾನು ಕಾಣೆ.

"ನಿಮ್ ಬೋರ್ ನೀರೇ ಗಾಡಿಗೆ ಶತ್ರು ಕಣೋ" ಎಂದರು ಅಪ್ಪನಿಗೆ. "ಕಾವೇರಿ ಹಾಕು. ಕುಡಿಯೋ ನೀರು, ಇಂಜಿನ್ ತಣ್ಣಗಿರತ್ತೆ."

"ದೊಡ್ಡಪ್ಪ, ಕುಡಿಯೋಕೆ ಚೆನ್ನಾಗಿರೋದು ಬೇರೆ, ಇಂಜಿನ್‌ಗೆ ಬೇಕಾಗಿರೋದು ಬೇರೆ. ಅದ್ರಲ್ಲೂ ಉಪ್ಪಿನಂಶ ಇರತ್ತೆ, ಕ್ಲೋರಿನ್ ಇರತ್ತೆ" ಎಂದೆ.

"ಇಡೀ ಬೆಂಗಳೂರು ಕುಡಿಯತ್ತೆ. ಗಾಡಿ ಏನು ನಮಗಿಂತ ದೊಡ್ಡದಾ?"

ಇಂಥ ವಾದಕ್ಕೆ ಉತ್ತರ ಕೊಡುವವರು ಕೂಡ ಮೂರ್ಖರೇ. ನಾನು ಕಾಲೇಜಿಗೆ ಹೊರಟೆ. ಸಂಜೆ ಬಂದಾಗ ಕ್ಯಾನ್ ಖಾಲಿಯಾಗಿತ್ತು. "ಸ್ವಲ್ಪ ಹಾಕ್ದೆ ಅಷ್ಟೆ. ಆ ವಯಸ್ಸಲ್ಲಿ ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದ" ಎಂದರು ಅಪ್ಪ.

ಎರಡು ದಿನ ಬಿಟ್ಟು ಭಾವ ಬಂದರು. ನನ್ನ ಅಕ್ಕನ ಗಂಡ. ಬಿ.ಟಿ.ಎಂ. ಲೇಔಟಿನಲ್ಲಿ ಮನೆ, ಆ ವರ್ಷವಷ್ಟೇ ಕೊಂಡ ಹೊಸ ಕಾರು. ಕಾರು ಕೊಂಡ ದಿನದಿಂದ ಮೋಟಾರು ಶಾಸ್ತ್ರವೆಲ್ಲ ಅವರಿಗೆ ತಾನಾಗಿ ಬಂದಿತ್ತು. ಅವರ ಸರ್ವಿಸ್ ಸ್ಟೇಷನ್ನಿನವರು ಬಳಸುವ ಕೆಂಪು ಕೂಲೆಂಟಿನ ಡಬ್ಬವನ್ನು ಮಾವನಿಗೆ ಕಾಣಿಕೆ ತಂದಿದ್ದರು. ಅಳಿಯ ಮನೆಗೆ ಬಂದರೆ ಅಮ್ಮನ ಬಾಣಲೆ ತಾನಾಗಿ ಒಲೆ ಹತ್ತುತ್ತಿತ್ತು. ಅಂಬೊಡೆ ತಿನ್ನುತ್ತಾ ಹೇಳಿದರು:

"ಮಾವ, ಹಸಿರು ಎಲ್ಲಾ ಓಲ್ಡ್ ಟೆಕ್ನಾಲಜಿ. ಈಗ ಎಲ್ರೂ ರೆಡ್ಡೇ ಹಾಕೋದು. ಸಖತ್ತಾಗಿರತ್ತೆ."

"ಭಾವ, ಗಾಡೀನೂ ಓಲ್ಡ್ ಟೆಕ್ನಾಲಜೀನೇ" ಎಂದೆ. "ಎರಡೂ ಬೆರೆಸಿದ್ರೆ ಗಟ್ಟಿಯಾಗತ್ತೆ."

"ನಿನ್ ಲ್ಯಾಬಲ್ಲಿ ಆಗ್ಬೋದು. ಗಾಡೀಲಿ ಏನೂ ಆಗಲ್ಲ."

ನನ್ನ ಲ್ಯಾಬಿನಲ್ಲಿ ಒಂದು ನಿಯಮ, ನಮ್ಮ ಅಂಗಳದಲ್ಲಿ ಇನ್ನೊಂದು ನಿಯಮ ಎಂದು ತಿಳಿದ ಇವರು ಬಿ.ಇ. ಪಾಸು ಮಾಡಿದ್ದರು. ಅಂಬೊಡೆಯ ಎಣ್ಣೆಕೈಯನ್ನು ಒರೆಸಿಕೊಂಡು ಹೊರಗೆ ಹೋಗಿ, ತಾವೇ ರೇಡಿಯೇಟರಿನ ಮುಚ್ಚಳ ತಿರುಗಿಸಿ, ತೀರ್ಥ ಕೊಡುವವರಂತೆ ನಿಧಾನವಾಗಿ ಸುರಿದರು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಹಿಡಿಸಿದಷ್ಟು ಹಿಡಿಸಿತು, ಉಳಿದದ್ದು ನೆಲಕ್ಕೆ ಹರಿಯಿತು. "ಬಹಳ ಉಪಕಾರ ಆಯ್ತು" ಎಂದು ಅಪ್ಪ ಹೇಳಿದ್ದನ್ನು ನಾನು ಕಿಟಕಿಯಿಂದ ಕೇಳಿಸಿಕೊಂಡೆ.

ಮೂರನೆಯವರು ಮಹಡಿ ಮೇಲಿನ ಬಾಡಿಗೆಯವರು. ಧಾರವಾಡದ ಕಡೆಯವರು, ಯಾವುದೋ ಆಫೀಸಿನಲ್ಲಿ ಕೆಲಸ. ಒಳ್ಳೆಯ ಮನುಷ್ಯರೇ, ಆದರೆ ಒಳ್ಳೆಯತನ ಬೇರೆ, ತಿಳಿವಳಿಕೆ ಬೇರೆ. ಗಾಡಿಯ ಕೆಳಗೆ ಇನ್ನೂ ಹನಿ ಬೀಳುತ್ತಿದ್ದದ್ದನ್ನು ಮೆಟ್ಟಿಲಿಳಿಯುವಾಗ ನೋಡಿದರು.

"ಸರ, ಅರಿಶಿಣ ಹಾಕ್ರಿ. ನಮ್ಮ ಕಾಕಾನ ಟ್ರ್ಯಾಕ್ಟರ್ ಹಿಂಗ ಸೋರ್ತಿತ್ತು. ಒಂದ್ ಮುಟಗಿ ಹಾಕಿದ್ವಿ ನೋಡ್ರಿ, ಬಂದ್ ಆತು."

ಟ್ರ್ಯಾಕ್ಟರು ಹೊಲದಿಂದ ಮನೆಗೆ ಬರುವಷ್ಟು ಹೊತ್ತು ಸೋರದಿದ್ದರೆ ಸಾಕು, ಅಲ್ಲಿಗೆ ಅದು ಸರಿ. ಇಲ್ಲಿ ಒಂದಿಡೀ ಲಗ್ನಸರಿ ಓಡಬೇಕಿತ್ತು. ಇದನ್ನು ನಾನು ಹೇಳುವಷ್ಟರಲ್ಲಿ ಅಮ್ಮ ಅರಿಶಿನದ ಡಬ್ಬಿ ಹಿಡಿದು ಬಂದಾಗಿತ್ತು. ಅಷ್ಟು ದಿನದಿಂದ ಎಲ್ಲರೂ ಏನೇನೋ ಹಾಕುತ್ತಿದ್ದರಲ್ಲ, ತನ್ನ ಅಡಿಗೆಮನೆಯಿಂದಲೂ ಒಂದು ಹೋಗುತ್ತದೆಂದು ಅಮ್ಮನಿಗೆ ಸಂಭ್ರಮ. ಬಾಡಿಗೆಯವರು ಮುಷ್ಟಿಯಲ್ಲಿ ಹಾಕಿದರು. ಸಾಲದೇನೋ ಎಂದು ಅಮ್ಮ ಇನ್ನೊಂದು ಚಮಚ ಹಾಕಿದರು. ಇನ್ನು ಕುಂಕುಮ ಒಂದು ಬಾಕಿ ಎಂದು ನಾನು ಅಂದದ್ದಕ್ಕೆ ಅಮ್ಮ, "ಸಾಕು ಸುಮ್ನಿರು, ಹಿರಿಯರ ಮುಂದೆ" ಎಂದರು. ಬಾಡಿಗೆಯವರು ನನ್ನ ಓರಗೆಯವರು. ಮನೆಗೆ ಬಂದ ಸಲಹೆಗಾರರೆಲ್ಲ ನಮ್ಮಲ್ಲಿ ಹಿರಿಯರು.

ಹನಿ ಬೀಳುವುದು ನಿಂತಿತು. ಇಡೀ ಮನೆ ನನ್ನನ್ನು ನೋಡಿ ನಗತೊಡಗಿತು.

ಭಾನುವಾರ ಬೆಳಿಗ್ಗೆ ನಾನು ಹಳೆಯ ಸೀರೆ ಉಟ್ಟು, ಬಕೆಟ್ಟು, ಆಲಿಕೆ, ನನ್ನ ಡಬ್ಬಗಳನ್ನು ಗಾಡಿಯ ಪಕ್ಕ ತಂದಿಟ್ಟೆ. ಅಪ್ಪ ಬಂದರು. ಬಾನೆಟ್ ಮೇಲೆ ಕೈ ಇಟ್ಟು ನಿಂತರು.

"ಬೇಡಮ್ಮ. ಈಗ ಚೆನ್ನಾಗೇ ಇದೆಯಲ್ಲ. ಸೋರೋದೂ ನಿಂತಿದೆ."

"ಒಳಗೆ ಏನೇನಿದೆ ಅಂತ ಗೊತ್ತಾ ಅಪ್ಪ? ಎಲ್ಲಾ ಬಸಿದು ಚೆಲ್ಲಬೇಕು."

"ಚೆಲ್ಲಿದ್ರೆ ಅಣ್ಣ ಏನಂದ್ಕೋತಾನೆ? ಅಳಿಯಂದಿರು ಮುಂದಿನ ವಾರ ಬಂದು ನೋಡ್ತೀನಿ ಅಂದಿದಾರೆ."

"ರೇಡಿಯೇಟರ್ ಒಳಗೆ ಯಾರು ಇಣುಕಿ ನೋಡ್ತಾರೆ?"

"ನೋಡಲ್ಲ. ಆದ್ರೂ ಕೇಳಿದ್ರೆ ನಾನು ಸುಳ್ಳು ಹೇಳ್ಬೇಕಾಗತ್ತೆ."

ಒಂದು ಗಂಟೆ ವಾದ ಮಾಡಿದೆ. ಆ ಮನುಷ್ಯ ಬಾನೆಟ್ಟಿನಿಂದ ಕೈ ತೆಗೆಯಲಿಲ್ಲ. ಅಪ್ಪ ಅಷ್ಟು ಗಟ್ಟಿಯಾಗಿ ಯಾವುದಕ್ಕಾದರೂ ನಿಂತದ್ದನ್ನು ನಾನು ಕಂಡಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಡಬ್ಬಗಳನ್ನು ಮತ್ತೆ ಉಗ್ರಾಣಕ್ಕೆ ಹೊತ್ತೆ. ಗಾಡಿಯ ಕೀ ಅವರ ಜೇಬಿನಲ್ಲಿತ್ತು.

ಆಮೇಲೆ ಬಂದ ಮುಹೂರ್ತದಂದು ನನಗೆ ಕಾಲೇಜಿಗೆ ರಜ. ಮನಸ್ಸು ತಡೆಯದೆ ನಾನೂ ಅಪ್ಪನ ಪಕ್ಕ ಹತ್ತಿ ಕೂತೆ. ಹಿಂದೆ ಅನ್ನ, ಸಾರು, ಹುಳಿ, ಪಾಯಸದ ದೊಡ್ಡ ಪಾತ್ರೆಗಳು, ಮೇಲೆ ಒದ್ದೆ ಬಟ್ಟೆ. ಬನಶಂಕರಿಯ ಛತ್ರಕ್ಕೆ ಹೋಗಬೇಕಿತ್ತು. ಪುಟ್ಟೇನಹಳ್ಳಿ ದಾಟುವವರೆಗೆ ಅಪ್ಪ ಹುಡುಗಿಯ ಕಡೆಯವರು ಎಂಥ ಸಜ್ಜನರು ಎಂದು ಹೇಳುತ್ತಿದ್ದರು. ಸಾರಕ್ಕಿ ಹತ್ತಿರ ಬಂದಾಗ ಮಾತು ನಿಲ್ಲಿಸಿದರು. ಮುಳ್ಳು ಕೆಂಪು ಗೆರೆಯ ಮೇಲಿತ್ತು.

"ನಿಲ್ಲಿಸಿ ಅಪ್ಪ. ಆರಲಿ" ಎಂದೆ.

"ಊಟದ ಹೊತ್ತಾಗತ್ತೆ. ಅವ್ರಿಗೆ ತೊಂದ್ರೆ ಆಗತ್ತೆ."

ಗಾಡಿ ತಾನೇ ನಿಂತಿತು. ಒಳಗಿನಿಂದ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬಂತು, ಬಾನೆಟ್ಟಿನ ಸಂದುಗಳಿಂದ ಹಬೆ ಎದ್ದಿತು. ಆ ಹಬೆಗೆ ಅರಿಶಿನದ ವಾಸನೆಯಿತ್ತು. ಅಪ್ಪ ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿಗೆ ನೋಡುತ್ತಾ ಕೂತರು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. ನಾನೇ ಇಳಿದು ಪಕ್ಕದ ಅಂಗಡಿಯಿಂದ ಅಡಿಗೆಯವರಿಗೆ ಫೋನ್ ಮಾಡಿದೆ.

ಅವರು ಸ್ಕೂಟರಿನಲ್ಲಿ ಬಂದರು, ಎಲ್ಲಿಂದಲೋ ಒಂದು ಟೆಂಪೋ ತರಿಸಿದರು. ಪಾತ್ರೆ ಸಾಗಿಸುವ ಅವಸರದಲ್ಲಿ ಸಾರಿನ ಪಾತ್ರೆ ವಾಲಿ, ಅರ್ಧ ಸಾರು ರಸ್ತೆಗೆ ಚೆಲ್ಲಿತು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ನೋಡಿದರು. ಅಡಿಗೆಯವರು ಬೈಯಲಿಲ್ಲ. "ಆಗತ್ತೆ ಬಿಡಿ ಸಾರ್" ಎಂದು ಟೆಂಪೋ ಹತ್ತಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮೆಕ್ಯಾನಿಕ್ಕು ರೇಡಿಯೇಟರ್ ಬಿಚ್ಚಿ ತಲೆಕೆಳಗೆ ಮಾಡಿದ. ನೀರು ಬರಲಿಲ್ಲ. ಕಂದು ಬಣ್ಣದ ಗಟ್ಟಿ ಮುದ್ದೆಯೊಂದು ನಿಧಾನವಾಗಿ ಜಾರಿ ಬಿತ್ತು. "ಏನ್ ಸಾರ್, ಗೊಜ್ಜು ಮಾಡಿಟ್ಟಿದೀರ" ಎಂದು ನಕ್ಕ. ಇಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತ್ತು, ಪಿಸ್ಟನ್ನುಗಳು ಹಿಡಿದುಕೊಂಡಿದ್ದವು. ಆ ಇಂಜಿನ್ನಿಗೆ ಇನ್ನು ಏನೂ ಮಾಡುವ ಹಾಗಿರಲಿಲ್ಲ. ಬೇರೆ ಇಂಜಿನ್ ಕೂರಿಸುವುದು ನಮ್ಮ ಕೈಲಾಗುವ ಮಾತಾಗಿರಲಿಲ್ಲ.

ಸುದ್ದಿ ಕೇಳಿ ಎಲ್ಲರೂ ಬಂದರು. ಸತ್ತ ಮನೆಗೆ ಬರುವ ಹಾಗೆ ಬಂದು, ಮದುವೆ ಮನೆಯಲ್ಲಿ ತಿನ್ನುವ ಹಾಗೆ ತಿಂದರು. ದೊಡ್ಡಪ್ಪ, "ಹಳೇ ಗಾಡಿ ತಗೋಬೇಡ ಅಂತ ಆಗ್ಲೇ ಹೇಳ್ಬೇಕು ಅಂತಿದ್ದೆ" ಎಂದರು. ಭಾವ, "ಹಸಿರು ಒಳಗೆ ಸ್ವಲ್ಪ ಉಳ್ಕೊಂಡಿತ್ತಲ್ಲ ಮಾವ, ಅದೇ ಪ್ರಾಬ್ಲಂ ಆಗಿದ್ದು" ಎಂದರು. ತಪ್ಪು ಇವರದು, ತಪ್ಪಿತಸ್ಥ ಮಾತ್ರ ಮೊದಲಿನಿಂದ ಅಲ್ಲಿದ್ದ ಹಸಿರು. ಬಾಡಿಗೆಯವರೊಬ್ಬರೇ ನಾಚಿಕೆಯಿಂದ ಕೆಲವು ದಿನ ನಮ್ಮ ಕಣ್ಣಿಗೆ ಬೀಳದೆ ಮೆಟ್ಟಿಲು ಇಳಿದು ಹೋಗುತ್ತಿದ್ದರು, ಅಷ್ಟರಮಟ್ಟಿಗೆ ಅವರು ದೊಡ್ಡವರು. ಅಪ್ಪ ಎಲ್ಲರನ್ನೂ ಸಮಾಧಾನ ಮಾಡಿದರು. "ನಿಮ್ದೇನೂ ಇಲ್ಲ. ಅದಕ್ಕೆ ವಯಸ್ಸಾಗಿತ್ತು" ಎಂದು ದೊಡ್ಡಪ್ಪನಿಗೆ ಹೇಳಿದರು, ಭಾವನಿಗೆ ಹೇಳಿದರು, ಮೆಟ್ಟಿಲಲ್ಲಿ ಕಾದು ನಿಂತು ಬಾಡಿಗೆಯವರಿಗೂ ಹೇಳಿದರು.

ಒಂದು ಸಂಜೆ ಅಡಿಗೆಯವರು ಬಂದರು. ಕೂತರು. ಬಿಸಿಲಿನ ಮಾತಾಡಿದರು, ತರಕಾರಿಯ ಮಾತಾಡಿದರು. ಅಮ್ಮ ಕಾಫಿ ಕೊಟ್ಟರು. ಆ ಮನುಷ್ಯ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಹೇಳಬೇಕಾದದ್ದು ಬಾಯಿಗೆ ಬರುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೇಳಲಿ, ಒದ್ದಾಡಿ ಹೇಳಲಿ ಎಂದು ನನ್ನ ಮನಸ್ಸು. ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ.

"ಬೇರೆ ಗಾಡಿ ಗೊತ್ತು ಮಾಡ್ಕೊಂಡಿದೀರೇನೋ" ಎಂದು ತಾವೇ ಶುರು ಮಾಡಿದರು. "ಒಳ್ಳೇದಾಯ್ತು ಬಿಡಿ. ನಾನೇ ಹೇಳೋಣ ಅಂತಿದ್ದೆ. ನಂಗೂ ಬೆಳಿಗ್ಗೆ ಏಳೋಕೆ ಆಗ್ತಿರ್ಲಿಲ್ಲ."

ಅಡಿಗೆಯವರ ಮುಖ ಹಗುರಾಯಿತು. "ನೀವು ಬೇಜಾರು ಮಾಡ್ಕೋಬಾರ್ದು ಸಾರ್" ಎಂದರು.

"ಛೇ ಛೇ, ನಂಗ್ಯಾತಕ್ಕೆ ಬೇಜಾರು" ಎಂದರು ಅಪ್ಪ, ಗೇಟಿನ ತನಕ ಹೋಗಿ ಕಳಿಸಿ ಬಂದರು. ತಮ್ಮನ್ನು ಕೆಲಸದಿಂದ ತೆಗೆಯಲು ಬಂದವರಿಗೆ ಕಷ್ಟವಾಗದಂತೆ ತಾವೇ ತೆಗೆದುಕೊಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ವಾಪಸು ಬಂದು ಕುರ್ಚಿಯಲ್ಲಿ ಕೂತರು. ಉಗ್ರಾಣಕ್ಕೆ ಹೋಗಿ, ಸೀಲು ಕೂಡ ಒಡೆಯದ ಡಬ್ಬವನ್ನು ತಂದು ಅವರ ಮುಂದೆ ಇಟ್ಟೆ.

"ಎಲ್ರುದೂ ಹಾಕಿದ್ರಿ. ದೊಡ್ಡಪ್ಪನ ನೀರು, ಭಾವನ ಕೆಂಪು, ಕೊನೆಗೆ ಅರಿಶಿನ. ನಾನು ತಂದಿದ್ದು ಒಂದು ಹನಿ ಹಾಕ್ಲಿಲ್ಲ. ಯಾಕಪ್ಪ?"

ಅಪ್ಪ ಡಬ್ಬವನ್ನೂ ನನ್ನನ್ನೂ ನೋಡಿದರು. ಇದೆಂಥ ಪ್ರಶ್ನೆ ಎನ್ನುವ ಹಾಗಿತ್ತು ಮುಖ.

"ಅವ್ರಿಗೆಲ್ಲ ಬೇಡ ಅನ್ನಕ್ಕಾಗಲ್ವಲ್ಲಮ್ಮ. ಏನಂದ್ಕೋತಾರೋ. ನೀನಾದ್ರೆ ಮನೆಯೋಳು. ನಿನ್ ಹತ್ರ ಹೇಳ್ಬೋದು."

ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು. ತಮ್ಮ ಬದುಕಿನಲ್ಲಿ ಬೇಡ ಅನ್ನಬಹುದಾದ ಒಬ್ಬಳಾದರೂ ಇದ್ದಾಳೆ ಎಂಬ ನೆಮ್ಮದಿ ಆ ದನಿಯಲ್ಲಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಗಿಡವನ್ನು ಕೇಳಿದವರು ಯಾರೂ ಇಲ್ಲ.

"ನಂಗೆ ಬೇಜಾರಾಗಿದೆ ಅಪ್ಪ" ಎಂದೆ.

ಅವರು ತಲೆಯೆತ್ತಿದರು. ನನ್ನನ್ನೇ ನೋಡಿದರು, ಪರಿಚಯವಿಲ್ಲದವರನ್ನು ನೋಡುವ ಹಾಗೆ.

"ನಿಂಗೂ ಆಗತ್ತೇನಮ್ಮ?" ಎಂದರು.

ಕೊಂಕಿಗೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.